ಲೇತ್ ಕಟ್ಟಿದ ಊರಿನಲ್ಲಿ ಆಪರೇಟಿಂಗ್ ಸಿಸ್ಟಂ ಕಟ್ಟಬಾರದೇಕೆ?

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾಯಿತು. ಅಲ್ಲಿ ತಯಾರಾಗುತ್ತಿದ್ದುದು ಲೇತ್. ಮಿಕ್ಕ ಯಂತ್ರಗಳ ಬಿಡಿಭಾಗಗಳನ್ನು ಕಡೆದು ಕೊಡುವ ಯಂತ್ರ ಅದು. ತನ್ನಂಥದೇ ಇನ್ನೊಂದು ಲೇತ್‌ಗೆ ಬೇಕಾದ ಶಾಫ್ಟು, ಸ್ಕ್ರೂಗಳನ್ನೂ ಅದರಲ್ಲೇ ಕಡೆಯಬಹುದು. ತುಂಗಭದ್ರೆಯ ದಡದ ಈ ಊರು ಯಂತ್ರಗಳನ್ನು ಹುಟ್ಟಿಸುವ ಯಂತ್ರವನ್ನು ದಶಕಗಳ ಕಾಲ ದೇಶದ ವರ್ಕ್‌ಶಾಪುಗಳಿಗೆ ಕಳಿಸಿಕೊಟ್ಟಿತು. ಆ ಕಾರ್ಖಾನೆ ಈಗಿಲ್ಲ. ಯಂತ್ರವನ್ನು ಓಡಿಸಬಲ್ಲವರಿಗೂ ಅದನ್ನು ಕಟ್ಟಬಲ್ಲವರಿಗೂ ಎಷ್ಟು ಅಂತರವಿದೆ ಎಂಬುದನ್ನು ಮಾತ್ರ ಈ ಭಾಗದ ಜನರಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಹರಿಹರಕ್ಕೆ ಹದಿನಾಲ್ಕು ಕಿಲೋಮೀಟರ್ ಆಸುಪಾಸಿನ ದಾವಣಗೆರೆಯಲ್ಲಿ 1951ರಲ್ಲಿ ಬಿಡಿಟಿ ಎಂಜಿನಿಯರಿಂಗ್ ಕಾಲೇಜು (ಈಗಿನ ಯುಬಿಡಿಟಿ), 1979ರಲ್ಲಿ ಬಾಪೂಜಿ ತಾಂತ್ರಿಕ ಮಹಾವಿದ್ಯಾಲಯ, 2001ರಲ್ಲಿ ಜಿಎಂಐಟಿ ಶುರುವಾದವು. ಇಲ್ಲಿಂದ ಪ್ರತಿವರ್ಷ ಕಂಪ್ಯೂಟರ್ ಸೈನ್ಸ್ ಪದವೀಧರರು ಹೊರಬರುತ್ತಾರೆ, ಬೆಂಗಳೂರಿಗೆ ಹೋಗುತ್ತಾರೆ, ಕೆಲಸಕ್ಕೆ ಸೇರುತ್ತಾರೆ. ಆದರೆ ನಾಲ್ಕು ವರ್ಷ ಬಳಸಿದ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅನ್ನು ಅದರ ಸೋರ್ಸ್ ಕೋಡಿನಿಂದ ಒಮ್ಮೆಯಾದರೂ ತಾವೇ ಕಟ್ಟಿ ನೋಡಿ ಎಂದು ಅವರ ಪಠ್ಯಕ್ರಮ ಕೇಳುವುದಿಲ್ಲ. ದಾವಣಗೆರೆ ಮತ್ತು ಹರಿಹರದ ಕಾಲೇಜುಗಳು ಈ ಕೆಲಸವನ್ನು ಒಂದು ಸಾರ್ವಜನಿಕ ಹೊಣೆಯಾಗಿ, ಸಂಘಟಿತವಾಗಿ ಕೈಗೆತ್ತಿಕೊಳ್ಳಬೇಕು ಎಂಬುದು ನನ್ನ ವಾದ. ಇದರಿಂದ ವಿದ್ಯಾರ್ಥಿಗಳಿಗೆ ವಿದ್ಯೆ, ಕನ್ನಡಕ್ಕೆ ಅನುಕೂಲ, ಊರಿಗೆ ತನ್ನ ಯಂತ್ರಗಳ ಮೇಲೆ ಒಂದಿಷ್ಟು ಹಿಡಿತ, ಮೂರೂ ಸಿಗುತ್ತವೆ.

ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರಬಿಟ್ಟ ಮೊದಲ ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ಸುಮಾರು ಹತ್ತು ಸಾವಿರ ಸಾಲಿನದು. ಇವತ್ತು ಅದು ಮೂರು ಕೋಟಿ ಸಾಲು ದಾಟಿದೆ. ಆ ಸಾಲುಗಳನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. 1992ರಿಂದ ಅದಕ್ಕಿರುವ ಜಿಪಿಎಲ್ ಪರವಾನಗಿ ಈ ಹಕ್ಕನ್ನು ಕೊಡುತ್ತದೆ. ಆದರೆ ನಾವು ಬಳಸುವುದು ಆ ಸಾಲುಗಳನ್ನಲ್ಲ. ಬೇರೆಲ್ಲೋ ಯಾರೋ ಕಂಪೈಲ್ ಮಾಡಿಟ್ಟ ಬೈನರಿಯನ್ನು ಇಳಿಸಿಕೊಂಡು ಹಾಕಿಕೊಳ್ಳುತ್ತೇವೆ. ಕಟ್ಟಲು ಬಾರದವರ ಕೈಯಲ್ಲಿ ಜಿಪಿಎಲ್ ಕೊಟ್ಟ ಹಕ್ಕು ಕಾಗದದ ಮೇಲಷ್ಟೇ ಉಳಿಯುತ್ತದೆ. ಕಟ್ಟುವುದನ್ನು ಕಲಿಸಲೆಂದೇ 1999ರಿಂದ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಎಂಬ ಕೈಪಿಡಿ ಇದೆ, ಗೆರಾರ್ಡ್ ಬೀಕ್‌ಮನ್ಸ್ ಆರಂಭಿಸಿದ್ದು. ಸುಮಾರು 80 ಪ್ಯಾಕೇಜುಗಳ ಸೋರ್ಸ್ ತಂದುಕೊಂಡು ಅದು ಹೇಳಿದ ಕ್ರಮದಲ್ಲಿ ಒಂದೊಂದನ್ನೇ ಕಟ್ಟಬೇಕು. ಮೊದಲು ಬಿನ್‌ಯುಟಿಲ್ಸ್, ಆಮೇಲೆ ಜಿಸಿಸಿ ಕಂಪೈಲರ್, ಕರ್ನಲ್ಲಿನ ಹೆಡರ್‌ಗಳು, ಗ್ಲಿಬ್‌ಸಿ. ಜಿಸಿಸಿಯನ್ನೇ ಮೂರು ಸಲ ಕಟ್ಟಬೇಕಾಗುತ್ತದೆ: ಹಳೆಯ ಸಿಸ್ಟಂನ ಆಸರೆಯಲ್ಲಿ ಒಂದು ಸಲ, ಅದರ ಋಣ ಹರಿದುಕೊಳ್ಳಲು ಇನ್ನೊಂದು ಸಲ, ಹೊಸ ಸಿಸ್ಟಂನ ಒಳಗೆ ಕೂತು ಕೊನೆಯ ಸಲ. ಮೊದಲ ಬಿನ್‌ಯುಟಿಲ್ಸ್ ಕಟ್ಟಲು ನಿಮ್ಮ ಯಂತ್ರಕ್ಕೆ ಎಷ್ಟು ಹೊತ್ತು ಬೇಕಾಯಿತೋ ಅದನ್ನೇ ಅಳತೆಗೋಲಾಗಿ ಇಟ್ಟುಕೊಂಡು ಮುಂದಿನ ಪ್ರತಿಯೊಂದಕ್ಕೂ ಬೇಕಾದ ಸಮಯವನ್ನು ಕೈಪಿಡಿ ಸೂಚಿಸುತ್ತದೆ. ಹೀಗೆ ಕಟ್ಟಿ ಮುಗಿಸಿದ ವಿದ್ಯಾರ್ಥಿ ಹೊಸ ಕೋಡನ್ನೇನೂ ಬರೆದಿರುವುದಿಲ್ಲ. ಯಾವುದು ಯಾವುದರ ಮೇಲೆ ನಿಂತಿದೆ, ಯಾವುದನ್ನು ಎಳೆದರೆ ಏನು ಬೀಳುತ್ತದೆ ಎಂಬುದು ಮಾತ್ರ ಅವನಿಗೋ ಅವಳಿಗೋ ಮತ್ತೆ ಮರೆಯದ ಹಾಗೆ ಗೊತ್ತಾಗಿರುತ್ತದೆ.

ಒಬ್ಬರು ಒಂದು ಸಲ ಕಟ್ಟುವುದು ವಿದ್ಯೆ. ನೂರಾರು ಜನ ವರ್ಷಾನುಗಟ್ಟಲೆ ಕಟ್ಟುತ್ತಲೇ ಇರಬೇಕೆಂದರೆ ಅದಕ್ಕೆ ಸಂಘಟನೆ ಬೇಕು, ಕಷ್ಟವೂ ಅದೇ. ಫ್ರೀಬಿಎಸ್‌ಡಿಯಂಥ ವ್ಯವಸ್ಥೆಯಲ್ಲಿ ಮೂಲ ಸಿಸ್ಟಂನ ಸೋರ್ಸ್ ಎಲ್ಲವೂ ಒಂದೇ ಕಡೆ ಇರುತ್ತದೆ. ಲಿನಕ್ಸ್ ಜಗತ್ತಿನಲ್ಲಿ ಕರ್ನಲ್ ಒಬ್ಬರದು, ಕಂಪೈಲರ್ ಇನ್ನೊಬ್ಬರದು, ಫಾಂಟು ಮತ್ತೊಬ್ಬರದು. ಒಬ್ಬರ ಹೊಸ ಆವೃತ್ತಿ ಇನ್ನೊಬ್ಬರ ಹಳೆಯದರ ಜೊತೆ ಹೊಂದಿಕೊಳ್ಳದೆ ಹೋಗಬಹುದು. ಇಯಾನ್ ಮರ್ಡಾಕ್ 1993ರಲ್ಲಿ ಆರಂಭಿಸಿದ ಡೆಬಿಯನ್ ಈ ಸಮಸ್ಯೆಯನ್ನು ನಿಯಮಗಳಿಂದ ಬಗೆಹರಿಸಿತು. ಅದರ ಪ್ರತಿಯೊಂದು ಸೋರ್ಸ್ ಪ್ಯಾಕೇಜಿನಲ್ಲೂ ‘ಡೆಬಿಯನ್’ ಹೆಸರಿನ ಒಂದು ಫೋಲ್ಡರ್ ಇರುತ್ತದೆ. ಇದನ್ನು ಕಟ್ಟಲು ಏನೇನು ಬೇಕು, ಯಾವ ಕ್ರಮದಲ್ಲಿ ಕಟ್ಟಬೇಕು, ಪರವಾನಗಿ ಯಾವುದು, ಹೊಣೆ ಯಾರದು, ಹಿಂದಿನ ಸಲದಿಂದ ಈಚೆಗೆ ಏನು ಬದಲಾಗಿದೆ ಎಂಬುದೆಲ್ಲ ಅಲ್ಲಿ ದಾಖಲಾಗಿರಲೇಬೇಕು. ಇಂಥ 30,000ಕ್ಕೂ ಹೆಚ್ಚು ಸೋರ್ಸ್ ಪ್ಯಾಕೇಜುಗಳನ್ನು ಸಂಬಳವಿಲ್ಲದ ಸ್ವಯಂಸೇವಕರು ಮೂರು ದಶಕಗಳಿಂದ ನಡೆಸಿಕೊಂಡು ಬಂದಿದ್ದಾರೆ. ಸಹಕಾರಿ ತತ್ವದ ಮೇಲೆ ಇಷ್ಟು ದೊಡ್ಡದಾಗಿ, ಇಷ್ಟು ದೀರ್ಘಕಾಲ ನಡೆದ ಎಂಜಿನಿಯರಿಂಗ್ ಕೆಲಸಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅದರ ಹೆಸರು ಕೇಳಿರುತ್ತಾರೆ. ಆ ಫೋಲ್ಡರನ್ನು ತೆರೆದು ನೋಡಿರುವುದಿಲ್ಲ.

ಯಾಕೆ ನೋಡಿರುವುದಿಲ್ಲ ಎಂಬುದಕ್ಕೆ ಉತ್ತರ ಲ್ಯಾಬ್ ಮ್ಯಾನ್ಯುಯಲ್‌ನಲ್ಲೇ ಇದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮಿನಲ್ಲಿ ಮೂರನೇ ಸೆಮಿಸ್ಟರಿಗೆ ಆಪರೇಟಿಂಗ್ ಸಿಸ್ಟಂ ವಿಷಯವಿದೆ, ಜೊತೆಗೆ ಪ್ರಾಯೋಗಿಕವೂ ಇದೆ. ಪ್ರಾಯೋಗಿಕದಲ್ಲಿ ಬರುವುದು ಸಿಪಿಯು ಶೆಡ್ಯೂಲಿಂಗ್, ಬ್ಯಾಂಕರ್ಸ್ ಅಲ್ಗಾರಿದಂ, ಪೇಜ್ ರಿಪ್ಲೇಸ್‌ಮೆಂಟ್ ಇವುಗಳನ್ನು ಸಿ ಭಾಷೆಯಲ್ಲಿ ಅನುಕರಿಸುವ ಪ್ರೋಗ್ರಾಂಗಳು. ವಿದ್ಯಾರ್ಥಿ ಕೀಬೋರ್ಡಿನಿಂದ ಪ್ರೊಸೆಸ್‌ಗಳ ಸಂಖ್ಯೆ ಕೊಡುತ್ತಾಳೆ, ಬರ್ಸ್ಟ್ ಟೈಮ್ ಕೊಡುತ್ತಾಳೆ, ಸರಾಸರಿ ಕಾಯುವ ಸಮಯ ತೆರೆಯ ಮೇಲೆ ಬರುತ್ತದೆ, ರೆಕಾರ್ಡಿಗೆ ಸಹಿ ಬೀಳುತ್ತದೆ. ಆ ಪ್ರೋಗ್ರಾಂ ಓಡುತ್ತಿರುವಾಗಲೇ ಅದರ ಕೆಳಗೆ ನಿಜವಾದ ಲಿನಕ್ಸ್ ಕರ್ನಲ್ಲಿನ ನಿಜವಾದ ಶೆಡ್ಯೂಲರ್ ಕೆಲಸ ಮಾಡುತ್ತಿರುತ್ತದೆ. ಅದರ ಸೋರ್ಸ್ ಒಂದು ಕಮಾಂಡಿನಷ್ಟು ದೂರದಲ್ಲಿದೆ. ಅದನ್ನು ತೆರೆದು, ಒಂದು ಸಾಲು ಸೇರಿಸಿ, ಕರ್ನಲ್ ಅನ್ನು ಮತ್ತೆ ಕಟ್ಟಿ, ಅದೇ ಕರ್ನಲ್ಲಿನಿಂದ ಯಂತ್ರವನ್ನು ಎಬ್ಬಿಸುವ ಅಭ್ಯಾಸ ಪಠ್ಯದಲ್ಲಿಲ್ಲ. ಅನುಕರಣೆಯ ಪ್ರೋಗ್ರಾಂಗಳು ತತ್ವ ತಿಳಿಯಲು ಉಪಯುಕ್ತವೇ, ಅವನ್ನು ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟಕ್ಕೇ ನಿಲ್ಲುವುದು ಸರಿಯಲ್ಲ. ಅಮೆರಿಕದ ಎಂಐಟಿ 2006ರಿಂದ ತನ್ನ ವಿದ್ಯಾರ್ಥಿಗಳಿಗೆ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂನ ಪೂರ್ತಿ ಸೋರ್ಸ್ ಕೊಟ್ಟು ಅದನ್ನೇ ತಿದ್ದಿಸುತ್ತಿದೆ. ಅದು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದಾದ ಸಾಮಗ್ರಿ. ನಮ್ಮಲ್ಲಿ ಕೊರತೆಯಿರುವುದು ಸಾಮಗ್ರಿಯದಲ್ಲ, ಅದನ್ನು ಅಂಕದ ವ್ಯಾಪ್ತಿಗೆ ತರುವ ತೀರ್ಮಾನದ್ದು.

ಕಟ್ಟಲು ಕಲಿಯುವುದಕ್ಕೆ ಇನ್ನೂ ಆಳವಾದ ಕಾರಣವೊಂದಿದೆ. ಲೇತ್‌ನ ಬೆನ್ನೆಲುಬಿನಂತಿರುವ ಲೀಡ್ ಸ್ಕ್ರೂವನ್ನು ಬಲ್ಲ ಟರ್ನರ್‌ಗಳಿಗೆ ಅದು ಬೇಗ ಅರ್ಥವಾಗುತ್ತದೆ. ಆ ಸ್ಕ್ರೂವಿನ ಮರೆಯಲ್ಲಿ, ಅಂದರೆ ಥ್ರೆಡ್ಡಿನಲ್ಲಿ, ಕೂದಲೆಳೆಯಷ್ಟು ತಪ್ಪಿದ್ದರೂ ಆ ಲೇತ್‌ನಲ್ಲಿ ಕಡೆದ ಪ್ರತಿಯೊಂದು ಮರೆಗೂ ಅದೇ ತಪ್ಪು ಇಳಿಯುತ್ತದೆ. ಅಲ್ಲಿ ಕಡೆದ ಸ್ಕ್ರೂವನ್ನೇ ಇನ್ನೊಂದು ಲೇತ್‌ಗೆ ಜೋಡಿಸಿದರೆ ತಪ್ಪು ಮುಂದಿನ ತಲೆಮಾರಿಗೂ ಹೋಗುತ್ತದೆ. ಡ್ರಾಯಿಂಗ್ ಹಾಳೆಯನ್ನು ಎಷ್ಟು ಸಲ ನೋಡಿದರೂ ಅದು ಸಿಗದು, ಏಕೆಂದರೆ ಡ್ರಾಯಿಂಗ್ ಸರಿಯಾಗಿಯೇ ಇರುತ್ತದೆ. ಯುನಿಕ್ಸ್ ರೂಪಿಸಿದವರಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸಿದಾಗ ಮಾಡಿದ, 1984ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಕಂಪೈಲರ್ ಬಗ್ಗೆ ಇದನ್ನೇ ತೋರಿಸಿಕೊಟ್ಟರು. ಕಂಪೈಲರಿನ ಬೈನರಿಯಲ್ಲಿ ಒಂದು ಕಳ್ಳಬಾಗಿಲು ಇಟ್ಟರೆ ಅದು ಲಾಗಿನ್ ಪ್ರೋಗ್ರಾಂನಲ್ಲಿ ಕಳ್ಳಬಾಗಿಲು ತೂರಿಸುತ್ತದೆ, ಮುಂದೆ ಹುಟ್ಟುವ ಕಂಪೈಲರಿಗೂ ತನ್ನನ್ನು ನಕಲು ಮಾಡಿಕೊಳ್ಳುತ್ತದೆ. ಸೋರ್ಸ್ ಕೋಡಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಬಹುಕಾಲ ಇದಕ್ಕೆ ಮದ್ದೇ ಇಲ್ಲ ಎಂಬಂತಿತ್ತು. 2023ರಲ್ಲಿ ಗ್ನೂ ಗಿಕ್ಸ್ ತಂಡ ಕೇವಲ 357 ಬೈಟ್‌ನ ಒಂದು ಬೀಜ ಪ್ರೋಗ್ರಾಂನಿಂದ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, ಜಿಸಿಸಿವರೆಗೆ ಎಲ್ಲವನ್ನೂ ಸೋರ್ಸ್‌ನಿಂದಲೇ ಕಟ್ಟುವ ದಾರಿಯನ್ನು ಪೂರ್ತಿಗೊಳಿಸಿತು. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಅಂದರೆ ಆ ಬೀಜ ಕನ್ನಡದ 119 ಸಂಕೇತಗಳಷ್ಟು ಜಾಗದ್ದು, ಒಬ್ಬ ಮನುಷ್ಯ ಕೂತು ಒಂದೊಂದು ಬೈಟನ್ನೂ ಪರೀಕ್ಷಿಸಬಹುದಾದಷ್ಟು ಚಿಕ್ಕದು.

ಇದು ಪಂಡಿತರ ಆತಂಕ, ನಮಗೇಕೆ ಎನ್ನುವವರು 2024ರ ಮಾರ್ಚ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ತಮ್ಮ ಪರೀಕ್ಷಾ ಯಂತ್ರಕ್ಕೆ ಎಸ್‌ಎಸ್‌ಎಚ್ ಮೂಲಕ ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿ ಅದರ ಬೆನ್ನು ಹತ್ತಿದರು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಸಣ್ಣ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇರುವುದು ಮಾರ್ಚ್ 29ರಂದು ಬಯಲಾಯಿತು. ಜಗತ್ತಿನ ಸರ್ವರುಗಳಿಗೆಲ್ಲ ಹರಡುವ ಮೊದಲೇ ಸಿಕ್ಕಿಬಿದ್ದದ್ದು ನಮ್ಮ ಪುಣ್ಯ. ಅದನ್ನು ಇಟ್ಟವರು ಎರಡು ವರ್ಷಕ್ಕೂ ಹೆಚ್ಚು ಕಾಲ ಸಜ್ಜನ ಸ್ವಯಂಸೇವಕರಂತೆ ದುಡಿದು, ಒಬ್ಬಂಟಿಯಾಗಿ ದಣಿದಿದ್ದ ಮೂಲ ನಿರ್ವಾಹಕರ ವಿಶ್ವಾಸ ಗಳಿಸಿಕೊಂಡಿದ್ದರು. ಇಲ್ಲಿ ನನ್ನ ವಾದಕ್ಕೆ ಎದುರಾಗುವ ಪ್ರಶ್ನೆಯೊಂದಿದೆ, ಅದನ್ನು ತಪ್ಪಿಸಿಕೊಂಡು ಹೋಗಲಾಗದು: ಸೋರ್ಸ್‌ನಿಂದ ಕಟ್ಟಿಕೊಂಡಿದ್ದರೂ ಕಳ್ಳಬಾಗಿಲು ಬರುತ್ತಿತ್ತಲ್ಲ? ಹೌದು, ಬಿಡುಗಡೆಗೆಂದು ಕಟ್ಟಿಟ್ಟ ಸೋರ್ಸ್ ಮೂಟೆಯನ್ನು ಕಣ್ಣುಮುಚ್ಚಿ ನಂಬಿ ಕಟ್ಟಿದವರಿಗೆ ಬರುತ್ತಿತ್ತು. ಆದರೆ ಕಳ್ಳಬಾಗಿಲನ್ನು ಎಬ್ಬಿಸುವ ಒಂದು ಸ್ಕ್ರಿಪ್ಟ್ ಆ ಮೂಟೆಯಲ್ಲಿ ಇತ್ತೇ ಹೊರತು, ಎಲ್ಲರೂ ಕೂಡಿ ಕೋಡ್ ಬರೆಯುವ ಗಿಟ್ ಭಂಡಾರದಲ್ಲಿ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವ ಪದ್ಧತಿ ಯಾರಲ್ಲಾದರೂ ಇದ್ದಿದ್ದರೆ ವ್ಯತ್ಯಾಸ ಕಾಣುತ್ತಿತ್ತು. ಆ ಸ್ಕ್ರಿಪ್ಟ್ ಓಡುತ್ತಿದ್ದುದೇ ಬಿಲ್ಡ್, ಅಂದರೆ ಕಟ್ಟುವ ಕೆಲಸ, ನಡೆಯುವ ಹೊತ್ತಿನಲ್ಲಿ. ಇಷ್ಟು ಜನ ಬಳಸುವ ಕೋಡಿನಲ್ಲಿ ದಾಳಿಕೋರರು ಅಡಗಲು ಆರಿಸಿಕೊಂಡ ಜಾಗ ಬಿಲ್ಡ್ ಎಂಬ ಮೂಲೆ, ಏಕೆಂದರೆ ಅಲ್ಲಿಗೆ ಯಾರೂ ಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು.

ಆ ಮೂಲೆಗೆ ಜನ ಹೋಗುವಂತೆ ಮಾಡುವ ಪ್ರಯತ್ನ ಕೆಲವು ವರ್ಷಗಳಿಂದ ನಡೆದಿದೆ. ಒಂದೇ ಸೋರ್ಸ್ ಅನ್ನು ಬೇರೆ ಬೇರೆ ಊರಿನ, ಒಬ್ಬರಿಗೊಬ್ಬರು ಸಂಬಂಧವಿಲ್ಲದ ಜನ ಕಟ್ಟಬೇಕು. ಬಂದ ಬೈನರಿಗಳ ಹ್ಯಾಶ್ ಎಂಬ ಗುರುತುಸಂಖ್ಯೆಯನ್ನು ತಾಳೆ ನೋಡಬೇಕು. ಒಂದು ಬಿಟ್ ವ್ಯತ್ಯಾಸವಾದರೂ ಹ್ಯಾಶ್ ಪೂರ್ತಿ ಬದಲಾಗುತ್ತದೆ, ತಾಳೆಯಾಗದಿದ್ದರೆ ಎಲ್ಲೋ ಏನೋ ಸರಿಯಿಲ್ಲ. ಕೇಳಲು ಸುಲಭ, ಮಾಡಲು ಅಲ್ಲ. ಕಟ್ಟಿದ ದಿನಾಂಕವನ್ನು ಕೆಲವು ಪ್ರೋಗ್ರಾಂಗಳು ತಮ್ಮೊಳಗೆ ಬರೆದುಕೊಳ್ಳುತ್ತವೆ. ಕೆಲವು ಫೋಲ್ಡರಿನ ಕಡತಗಳನ್ನು ಡಿಸ್ಕ್ ಕೊಟ್ಟ ಕ್ರಮದಲ್ಲೇ ಜೋಡಿಸುತ್ತವೆ. ಇನ್ನು ಕೆಲವು ಯಂತ್ರದ ಭಾಷೆ ಮತ್ತು ಸಮಯವಲಯಕ್ಕೆ ತಕ್ಕಂತೆ ಬದಲಾಗುತ್ತವೆ. ಡೆಬಿಯನ್ ಇಂಥ ತೊಡಕುಗಳನ್ನು ಒಂದೊಂದಾಗಿ ಬಿಡಿಸುತ್ತಾ, ತನ್ನ ಪರೀಕ್ಷೆಗಳಲ್ಲಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪ್ಯಾಕೇಜುಗಳು ತಾಳೆಯಾಗುವ ಮಟ್ಟಕ್ಕೆ ಬಂದಿದೆ. ಮುಂದೆ ಬೇಕಾಗಿರುವುದು ಸ್ವತಂತ್ರವಾಗಿ ಮರುಕಟ್ಟುವ ಕೇಂದ್ರಗಳು, ಸಾಧ್ಯವಾದಷ್ಟು ಬೇರೆ ಬೇರೆ ದೇಶಗಳಲ್ಲಿ. ದಾವಣಗೆರೆ ಅಂಥ ಒಂದು ಕೇಂದ್ರವಾಗಲಿ. ಭಾಷೆ ಕನ್ನಡಕ್ಕೆ ಹೊಂದಿಸಿದ, ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಲ್ಯಾಬಿನಲ್ಲಿ ಕಟ್ಟಿದಾಗ ಬೇರೆ ಫಲಿತಾಂಶ ಬಂದರೆ ಅದು ಆ ಪ್ಯಾಕೇಜಿನ ದೋಷ. ಜರ್ಮನಿಯ ಲ್ಯಾಬಿನಲ್ಲಿ ಅದು ಎಂದೂ ಕಾಣದೇ ಹೋಗಬಹುದು. ಮೂರನೇ ಸೆಮಿಸ್ಟರಿನ ವಿದ್ಯಾರ್ಥಿಯೂ ಅದನ್ನು ಹುಡುಕಿ, ಕಾರಣ ಬಿಡಿಸಿ, ತಿದ್ದುಪಡಿ ಕಳಿಸಬಹುದು. ಜಗತ್ತಿನ ಒಂದು ನಿಜವಾದ ಅಗತ್ಯಕ್ಕೆ ನಮ್ಮ ಜಿಲ್ಲೆಯಿಂದ ಸಲ್ಲಬಹುದಾದ ಕೊಡುಗೆ ಇದು.

ಕನ್ನಡಕ್ಕೆ ಇದರಿಂದ ಆಗುವ ಲಾಭ ಪರೋಕ್ಷವಾದದ್ದಲ್ಲ. ‘ಸ್ತ್ರೀ’ ಎಂದು ಟೈಪ್ ಮಾಡಿದರೆ ಕಂಪ್ಯೂಟರ್ ಉಳಿಸಿಕೊಳ್ಳುವುದು ಆರು ಸಂಕೇತಗಳನ್ನು, 18 ಬೈಟ್. ಈಕಾರ ಬರುವುದು ಎಲ್ಲಕ್ಕಿಂತ ಕೊನೆಗೆ. ತೆರೆಯ ಮೇಲೆ ಅದು ಸೇರಬೇಕಾದದ್ದು ಮೊದಲಿನ ಸಕಾರಕ್ಕೆ, ಎರಡು ಒತ್ತುಗಳು ಅದರ ಕೆಳಗೆ, ಪಕ್ಕಕ್ಕೆ. ಈ ಜೋಡಣೆ ಮಾಡುವುದು ಹಾರ್ಫ್‌ಬಜ್ ಎಂಬ ಲೈಬ್ರರಿ ಮತ್ತು ಫಾಂಟಿನೊಳಗಿನ ನಿಯಮಗಳು. ಕನ್ನಡಿಗರೇ ರೂಪಿಸಿದ ಗುಬ್ಬಿ, ನವಿಲು ಎಂಬ ಮುಕ್ತ ಫಾಂಟುಗಳು ಡೆಬಿಯನ್‌ನಲ್ಲಿ ಪ್ಯಾಕೇಜುಗಳಾಗಿವೆ, ಅವುಗಳ ಸೋರ್ಸ್ ಯಾರು ಬೇಕಾದರೂ ತರಿಸಿಕೊಳ್ಳಬಹುದು. ಹಳಗನ್ನಡದ ನಕಾರಪೊಲ್ಲು 2021ರಲ್ಲಿ ಯೂನಿಕೋಡ್ 14ಕ್ಕೆ ಸೇರಿತು. ಅಲ್ಲಿ ಸೇರಿದ ಮಾತ್ರಕ್ಕೆ ಅದು ಶಾಸನ ಓದುವ ವಿದ್ಯಾರ್ಥಿಯ ತೆರೆಯ ಮೇಲೆ ಮೂಡುವುದಿಲ್ಲ. ಯಾರಾದರೂ ಫಾಂಟಿಗೆ ಅದರ ಆಕಾರ ಸೇರಿಸಬೇಕು, ಪ್ಯಾಕೇಜನ್ನು ಮತ್ತೆ ಕಟ್ಟಬೇಕು, ಕೀಲಿಮಣೆಯ ವಿನ್ಯಾಸದಲ್ಲಿ ಅದಕ್ಕೊಂದು ಜಾಗ ಕೊಡಬೇಕು. ಇದನ್ನೆಲ್ಲ ಮಾಡಲು ಬೇರೆ ದೇಶದ ಕಂಪನಿಯ ಅನುಮತಿ ಬೇಕಿಲ್ಲ, ಕಟ್ಟಲು ಬರುವ ಕೈ ಬೇಕು. ನುಡಿ, ಬರಹ ತಂತ್ರಾಂಶಗಳು ತಮ್ಮ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು, ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯೂನಿಕೋಡ್ ಬರುವ ಮುಂಚಿನ ಆಸ್ಕಿ ಫಾಂಟುಗಳಲ್ಲಿ ಟೈಪಾದ ಕಡತಗಳನ್ನು ಇಂದಿಗೂ ಕಚೇರಿಗಳಲ್ಲಿ, ಪ್ರೆಸ್‌ಗಳಲ್ಲಿ ಪರಿವರ್ತಕದ ಮೂಲಕ ಹಾಯಿಸಿ, ತಪ್ಪಿಹೋದ ಒತ್ತಕ್ಷರಗಳನ್ನು ಕಣ್ಣಿಟ್ಟು ತಿದ್ದಬೇಕಾಗಿದೆ. ಒಳಗಿನ ವ್ಯವಸ್ಥೆ ಎಲ್ಲರ ಕೈಗೂ ಸಿಗುವಂತಿದ್ದಿದ್ದರೆ ಈ ಪರಿವರ್ತನೆಯ ಕೆಲಸ ಎಷ್ಟೋ ಮೊದಲೇ, ಎಷ್ಟೋ ಕಡಿಮೆ ಶ್ರಮದಲ್ಲಿ ಮುಗಿಯುತ್ತಿತ್ತು.

ಶಾಲೆಗಳ ಮಾತಿಗೆ ಬರೋಣ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಚಿಪ್ ಕೇಳುತ್ತದೆ, ತೀರಾ ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಓಡುತ್ತಿರುವ ಕಂಪ್ಯೂಟರನ್ನು ಮೂಲೆಗೆ ತಳ್ಳಿ ಹೊಸದನ್ನು ಕೊಳ್ಳುವುದು ಸರ್ಕಾರಿ ಶಾಲೆಗೆ, ಗ್ರಂಥಾಲಯಕ್ಕೆ ಸಾಧ್ಯವಿರುವ ದಾರಿಯಲ್ಲ. ಕೇರಳ ಈ ಶತಮಾನದ ಆರಂಭದಲ್ಲೇ ಐಟಿ@ಸ್ಕೂಲ್ ಯೋಜನೆ ಶುರುಮಾಡಿ, ಲಿನಕ್ಸ್ ಅನ್ನು ತನ್ನ ಶಾಲೆಗಳಿಗೆ ತಕ್ಕಂತೆ ಜೋಡಿಸಿಕೊಂಡಿತು. ಅದೇ ಕೆಲಸ ಈಗ ಕೈಟ್ ಸಂಸ್ಥೆಯ ಹೆಸರಿನಲ್ಲಿ ಮುಂದುವರಿದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಕಲಿಯುತ್ತಿರುವುದು ಅದರ ಮೇಲೆಯೇ. ಗಡಿಯಾಚೆಯ ಕನ್ನಡದ ಮಗುವಿಗೆ ಸಿಕ್ಕಿದ್ದು ಹರಿಹರದ ಮಗುವಿಗೆ ಸಿಗಬಾರದೇಕೆ? ಕರ್ನಾಟಕದಲ್ಲೂ ಪ್ರಯತ್ನ ನಡೆದಿಲ್ಲ ಎಂದಲ್ಲ. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಶಾಲಾ ಶಿಕ್ಷಕರ ಜೊತೆ ಕೆಲಸ ಮಾಡುತ್ತಾ ಶೈಕ್ಷಣಿಕ ಸಾಧನಗಳನ್ನು ಸೇರಿಸಿದ ಉಬುಂಟು ಆವೃತ್ತಿಯೊಂದನ್ನು ಸಿದ್ಧಪಡಿಸಿತ್ತು. ಆದರೆ ಕೇರಳದಲ್ಲಿ ಅದು ಸರ್ಕಾರದ ಪದ್ಧತಿಯಾಯಿತು, ಇಲ್ಲಿ ಆಗಲಿಲ್ಲ.

‘ಇಂಥವು ಎಷ್ಟು ಬಂದುಹೋಗಲಿಲ್ಲ’ ಎಂಬ ಆಕ್ಷೇಪ ಇಲ್ಲಿ ಸಹಜ, ಅದರಲ್ಲಿ ತಿರುಳೂ ಇದೆ. ಸಿ-ಡ್ಯಾಕ್ 2007ರಲ್ಲಿ ಡೆಬಿಯನ್ ಆಧರಿಸಿ ಬಾಸ್ ಲಿನಕ್ಸ್ ಹೊರತಂದಿತು. ಜನಸಾಮಾನ್ಯರ ಮೇಜಿನ ಮೇಲೆ ಅದು ಇಂದಿಗೂ ಕಾಣುವುದಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಸೇರಿ ರೂಪಿಸಿದ ಸಿಂಪ್ಯೂಟರ್ ಲಿನಕ್ಸ್ ಮೇಲೆ ಓಡುವ ಅಂಗೈ ಯಂತ್ರವಾಗಿತ್ತು. 2004ರಲ್ಲಿ ಬಿಇಎಲ್ ಜೊತೆಗೂಡಿ ಮಾರುಕಟ್ಟೆಗೆ ಬಂದರೂ ಜನ ಕೊಳ್ಳಲಿಲ್ಲ. ಜರ್ಮನಿಯ ಮ್ಯೂನಿಕ್ ನಗರಾಡಳಿತ ವರ್ಷಗಟ್ಟಲೆ ಶ್ರಮಿಸಿ ತನ್ನ ಕಂಪ್ಯೂಟರುಗಳನ್ನು ಲಿನಕ್ಸ್‌ಗೆ ತಂದು, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ಅದೇ ದೇಶದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಕಂಪ್ಯೂಟರುಗಳನ್ನು ಮುಕ್ತ ತಂತ್ರಾಂಶಕ್ಕೆ ಒಯ್ಯುವುದಾಗಿ 2024ರಲ್ಲಿ ಪ್ರಕಟಿಸಿದ್ದೂ ನಿಜವೇ, ಆದರೆ ಒಂದು ಉದಾಹರಣೆಯಿಂದ ಇನ್ನೊಂದನ್ನು ಹೊಡೆದು ಉರುಳಿಸುವುದು ನನ್ನ ಉದ್ದೇಶವಲ್ಲ. ಹೊಸ ಹೆಸರಿನ, ಹೊಸ ಲಾಂಛನದ ‘ದಾವಣಗೆರೆ ಲಿನಕ್ಸ್’ ಬೇಕೆಂದು ನಾನು ಕೇಳುತ್ತಿಲ್ಲ. ಅಂಥದೊಂದನ್ನು ಮಾಡಿದರೆ ಎರಡು ವರ್ಷ ಸಮಾರಂಭ ನಡೆದು, ಮೂರನೇ ವರ್ಷ ಭದ್ರತಾ ತಿದ್ದುಪಡಿ ಕೊಡುವವರಿಲ್ಲದೆ ಅದು ಬಳಸುವವರಿಗೇ ಅಪಾಯವಾಗುತ್ತದೆ. ಈಗಾಗಲೇ ಗಟ್ಟಿಯಾಗಿ ನಿಂತಿರುವ ಡೆಬಿಯನ್‌ನಂಥ ಸಂಘಟನೆಯ ಒಳಗೆ ಸೇರಿ, ಅದರ ಪ್ಯಾಕೇಜುಗಳನ್ನು ಮರುಕಟ್ಟಿ ಪರೀಕ್ಷಿಸುವುದು, ಕನ್ನಡದ ಪ್ಯಾಕೇಜುಗಳ ಹೊಣೆ ಹೊರುವುದು, ನಮ್ಮ ತಿದ್ದುಪಡಿಗಳನ್ನು ಮೂಲಕ್ಕೇ ಸಲ್ಲಿಸುವುದು, ಇಷ್ಟೇ ನಾನು ಕೇಳುತ್ತಿರುವುದು. ಮೇಲೆ ಹೇಳಿದ ಬಾಸ್, ಸಿಂಪ್ಯೂಟರ್, ಮ್ಯೂನಿಕ್ ಮೂರೂ ಕಡೆ ಯಾರಿಗೂ ಕಟ್ಟಲು ಬಾರದೆ ಸೋತದ್ದಲ್ಲ. ಸೋಲಿಗೆ ಬೆಲೆ, ಆಡಳಿತದ ಮನಸ್ಸು, ಬಳಕೆದಾರರ ರೂಢಿ ಎಂಬ ಬೇರೆ ಕಾರಣಗಳಿದ್ದವು.

ತಂದೆತಾಯಿಯರ ಆಕ್ಷೇಪ ಕೆಲಸದ್ದು. ಕರ್ನಲ್ ಕಟ್ಟಿದರೆ ಕ್ಯಾಂಪಸ್ ಆಯ್ಕೆಯಲ್ಲಿ ಏನು ಸಿಗುತ್ತದೆ ಎಂದು ಅವರು ಕೇಳುತ್ತಾರೆ, ಸಾಲ ಮಾಡಿ ಫೀಸು ಕಟ್ಟಿದವರು ಕೇಳಲೇಬೇಕಾದ ಪ್ರಶ್ನೆ ಅದು. ಕಾರಿನ ತೆರೆ, ವೈಫೈ ರೂಟರ್, ಆಸ್ಪತ್ರೆಯ ಯಂತ್ರ, ಕಾರ್ಖಾನೆಯ ನಿಯಂತ್ರಕ ಇವುಗಳೊಳಗೆ ಲಿನಕ್ಸ್ ಕೂರಿಸುವವರು ಯೋಕ್ಟೊ, ಬಿಲ್ಡ್‌ರೂಟ್ ಎಂಬ ಸಾಧನಗಳಿಂದ ಇಡೀ ಸಿಸ್ಟಂ ಅನ್ನು ಸೋರ್ಸ್‌ನಿಂದಲೇ ಕಟ್ಟುತ್ತಾರೆ. ಕ್ಲೌಡ್ ಕಂಪನಿಗಳ ಕಂಟೇನರ್‌ಗಳ ಹಿಂದೆಯೂ ಇದೇ ವಿದ್ಯೆ ಇದೆ. ಇನ್ನು ಕೋಡನ್ನೆಲ್ಲ ಕೃತಕ ಬುದ್ಧಿಮತ್ತೆಯೇ ಬರೆಯುತ್ತದಲ್ಲ ಎನ್ನುವವರಿಗೆ ಒಂದೇ ಮಾತು. ಬರೆಯುವವರು ಹೆಚ್ಚಿದಷ್ಟೂ ಬರೆದದ್ದನ್ನು ಕಟ್ಟಿ, ಓಡಿಸಿ, ಸರಿಯಿದೆಯೇ ಎಂದು ತಾಳೆ ನೋಡುವವರು ಹೆಚ್ಚೇ ಬೇಕಾಗುತ್ತಾರೆ.

ಸೌಲಭ್ಯದ ಪ್ರಶ್ನೆ ಉಳಿಯಿತು. ಆಂಡ್ರಾಯ್ಡ್‌ನ ಪೂರ್ತಿ ಸೋರ್ಸ್ ಕಟ್ಟಲು 400 ಜಿಬಿ ಡಿಸ್ಕ್, 64 ಜಿಬಿ ರ‍್ಯಾಮ್ ಬೇಕೆಂದು ಗೂಗಲ್ ಹೇಳುತ್ತದೆ, ಅದು ಕಾಲೇಜಿನ ಸಾಮಾನ್ಯ ಲ್ಯಾಬಿಗೆ ಎಟುಕದು. ಆದರೆ ಡೆಬಿಯನ್‌ನ ಗುಬ್ಬಿ ಫಾಂಟಿನ ಪ್ಯಾಕೇಜನ್ನು ಯಾವ ಹಳೆಯ ಯಂತ್ರದಲ್ಲೂ ಕಟ್ಟಬಹುದು, ಕರ್ನಲ್ ಅನ್ನು ಲ್ಯಾಬಿನ ಸಾಧಾರಣ ಕಂಪ್ಯೂಟರಿನಲ್ಲಿ ಒಂದು ಮಧ್ಯಾಹ್ನದೊಳಗೆ ಕಟ್ಟಬಹುದು. ಯುಬಿಡಿಟಿ ವಿಟಿಯುವಿನದೇ ಘಟಕ ಕಾಲೇಜು. ವಿಟಿಯು ಮನಸ್ಸು ಮಾಡಿದರೆ ಅಲ್ಲಿ ಒಂದು ಸರ್ವರ್ ಇಟ್ಟು, ಸೋರ್ಸ್ ಭಂಡಾರದ ಒಂದು ಪ್ರತಿಯನ್ನು ಸ್ಥಳೀಯವಾಗಿ ಉಳಿಸಿ, ಜಿಲ್ಲೆಯ ಮಿಕ್ಕ ಕಾಲೇಜುಗಳಿಗೆ ಅದನ್ನೇ ಹಂಚಬಹುದು. ಆಗ ಎಲ್ಲರೂ ಇಂಟರ್ನೆಟ್ಟಿನಿಂದ ಪದೇ ಪದೇ ಇಳಿಸಿಕೊಳ್ಳುವುದು ತಪ್ಪುತ್ತದೆ. ರಾತ್ರಿ ಸುಮ್ಮನಿರುವ ಲ್ಯಾಬಿನ ಯಂತ್ರಗಳು ಸರದಿಯ ಮೇಲೆ ಪ್ಯಾಕೇಜುಗಳನ್ನು ಕಟ್ಟುತ್ತಿರಲಿ, ಬೆಳಿಗ್ಗೆ ತಾಳೆಯಾಗದ ಹ್ಯಾಶ್‌ಗಳ ಪಟ್ಟಿ ವಿದ್ಯಾರ್ಥಿಗಳ ಕೈಗೆ ಬರಲಿ, ಅದನ್ನು ಬಿಡಿಸಿದವರಿಗೆ ಮಿನಿ ಪ್ರಾಜೆಕ್ಟಿನ ಅಂಕ ಸಿಗಲಿ. ಪ್ರತಿವರ್ಷ ಹಳಬರು ಪಾಸಾಗಿ ಹೋಗುತ್ತಾರೆ, ಆದ್ದರಿಂದ ಕೆಲಸದ ಹೊಣೆ ಒಬ್ಬ ಉತ್ಸಾಹಿ ಉಪನ್ಯಾಸಕರ ತಲೆಗೆ ಬೀಳದೆ, ಲ್ಯಾಬ್ ಇನ್‌ಸ್ಟ್ರಕ್ಟರ್ ಹುದ್ದೆಯ ಕರ್ತವ್ಯವಾಗಿ ದಾಖಲಾಗಬೇಕು. ಇದು ನಡೆಯುವುದೂ ನಿಲ್ಲುವುದೂ ಹೆಚ್ಚಾಗಿ ಆ ಒಂದು ಆದೇಶದ ಮೇಲೆ ನಿಂತಿದೆ.

ಪಾಲಿಕೆಗೂ ಇದರಲ್ಲಿ ಪಾಲಿದೆ. ಸ್ಮಾರ್ಟ್ ಸಿಟಿ ಯೋಜನೆಗೆ ದೇಶದಲ್ಲಿ ಮೊದಲು ಆಯ್ಕೆಯಾದ 20 ನಗರಗಳಲ್ಲಿ ದಾವಣಗೆರೆಯೂ ಒಂದು. ಅಂಥ ಯೋಜನೆಗಳಲ್ಲಿ ನಗರಗಳು ಕೊಳ್ಳುವ ಕ್ಯಾಮೆರಾ, ಸಿಗ್ನಲ್, ಸಂವೇದಕಗಳಂಥ ಉಪಕರಣಗಳ ಒಳಗೆ ಸಾಮಾನ್ಯವಾಗಿ ಓಡುವುದು ಲಿನಕ್ಸ್. ಜಿಪಿಎಲ್‌ನ ಎರಡನೇ ಆವೃತ್ತಿಯ ಮೂರನೇ ಕಲಮಿನ ಪ್ರಕಾರ ಬೈನರಿ ಮಾರಿದವರು ಸೋರ್ಸ್ ಕೊಡಬೇಕು, ಅದನ್ನು ಕಂಪೈಲ್ ಮಾಡಿ ಅಳವಡಿಸಲು ಬೇಕಾದ ಸ್ಕ್ರಿಪ್ಟುಗಳನ್ನೂ ಕೊಡಬೇಕು. ಕೇಳಿದರೆ ಕೊಡಲೇಬೇಕಾದದ್ದು, ಆದರೆ ಕೇಳುವವರಿಲ್ಲ. ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶಕ್ಕೆ ಆದ್ಯತೆ ಕೊಡುವ ನೀತಿ ಪ್ರಕಟಿಸಿದೆ, ಆದ್ದರಿಂದ ನಿಯಮದ ಅಡ್ಡಿಯಿಲ್ಲ. ಮುಂದಿನ ಟೆಂಡರಿನಲ್ಲಿ ಒಂದು ಷರತ್ತು ಸೇರಿಸಬೇಕು: ಉಪಕರಣದ ಜೊತೆ ಅದರ ಮುಕ್ತ ತಂತ್ರಾಂಶದ ಸೋರ್ಸ್, ಬಿಲ್ಡ್ ಸ್ಕ್ರಿಪ್ಟು ಸಲ್ಲಿಸಬೇಕು, ಅದನ್ನು ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರ ಲ್ಯಾಬಿನಲ್ಲಿ ಕಟ್ಟಿ ತೋರಿಸಿದ ಮೇಲೆಯೇ ಕೊನೆಯ ಕಂತಿನ ಹಣ ಬಿಡುಗಡೆಯಾಗಬೇಕು.